ಎಂಜಲಿನ ಸಾಕ್ಷಿ

ಮಲೆನಾಡಿನವನೊಬ್ಬನ ಬಾಯಿ ಅರ್ಧ ಗಂಟೆಯ ಕಾಲ ಖಾಲಿಯಾಗಿರಬೇಕೆಂದು ಯಾರಾದರೂ ವಿಧಿಸಿದರೆ, ಅವರು ಮಲೆನಾಡನ್ನು ಕಂಡವರಲ್ಲವೆಂದೇ ಹೇಳಬೇಕು. ಬೆಳಗಿನ ಕಾಫಿ ಮುಗಿಯಿತೆಂದರೆ ಒಂದು ಕವಳ. ಅದನ್ನು ಉಗಿದರೆ ದೋಸೆ. ದೋಸೆಯ ಮೇಲೆ ಮತ್ತೆ ಕವಳ. ನಡುವೆ ಯಾರಾದರೂ ಬಂದರೆ ಅವರ ಗೌರವಾರ್ಥ ಇನ್ನೊಂದು. ಇಂಥ ನನ್ನನ್ನು ಕಳೆದ ಚಳಿಗಾಲದಲ್ಲಿ, ಮಾಸ್ತಿಕಟ್ಟೆಯ ಹತ್ತಿರದ ನಮ್ಮ ಹಳೆಯ ಮನೆಯ ಜಗುಲಿಯ ಮೇಲೆ ಕೂರಿಸಿ, ಅಮೆರಿಕದಿಂದ ಬಂದಿದ್ದ ನನ್ನ ಅಕ್ಕನ ಮಗ ಗಡಿಯಾರ ನೋಡುತ್ತ ಕಾವಲು ಕುಳಿತ.

"ಮೂವತ್ತು ನಿಮಿಷ, ಮಾವ. ನೀರೂ ಕುಡಿಯುವ ಹಾಗಿಲ್ಲ."

ಅವನ ಮುಂದೆ ಮಿಠಾಯಿ ಪೊಟ್ಟಣದಷ್ಟು ದೊಡ್ಡ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಬೆರಳುದ್ದದ ಒಂದು ಕೊಳವೆ, ಅದಕ್ಕೊಂದು ಆಲಿಕೆ, ಮುಚ್ಚಳ. ಕೊಳವೆಯ ಮೇಲೆ ಒಂದು ಗೆರೆ. ಆ ಗೆರೆಯವರೆಗೆ ಉಗುಳು ತುಂಬಬೇಕು. ನೊರೆ ಲೆಕ್ಕಕ್ಕಿಲ್ಲ. ಬಾಯಿ ಒಣಗಿದರೆ ಏನು ಮಾಡಬೇಕೆಂದು ನಾನು ಕೇಳುವ ಮೊದಲೇ ಅಮ್ಮ ಒಳಗಿನಿಂದ ಜೀರಿಗೆ ಅಪ್ಪೆಮಿಡಿಯ ಭರಣಿಯನ್ನು ತಂದು, ಮುಚ್ಚಳ ತೆಗೆದು, ಒಂದು ಮಾರು ದೂರದಲ್ಲಿಟ್ಟು ಹೋದರು. ತಿನ್ನಬೇಕಾಗಿಲ್ಲ, ವಾಸನೆ ಸಾಕು. ಈ ಉಪಾಯ ಪೆಟ್ಟಿಗೆಯೊಳಗಿನ ಸೂಚನಾಪತ್ರದಲ್ಲಿ ಇರಲಿಲ್ಲ.

ಆ ಅರ್ಧ ಗಂಟೆ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಅಜ್ಜಿಯ ರಾಜ್ಯದಲ್ಲಿ ಎಂಜಲೆಂಬುದು ಬೆಂಕಿಗಿಂತ ದೊಡ್ಡ ಅಪಾಯ. ಲೋಟವನ್ನು ತುಟಿಗೆ ತಾಗಿಸಬಾರದು. ಉಂಡ ಜಾಗಕ್ಕೆ ಸೆಗಣಿ ಸಾರಿಸದೆ ಅತ್ತಿತ್ತ ಹೋಗಬಾರದು. ತೋಟದ ಕೆಲಸದವರಿಗೆ ಕಾಫಿ ಕೊಡುವುದು ಹಿತ್ತಲ ಗೋಡೆಯ ಗೂಡಿನಲ್ಲಿಟ್ಟ ಬೇರೆಯ ಲೋಟಗಳಲ್ಲಿ. ಅವನ್ನು ಅವರೇ ತೊಳೆದು ಕವುಚಿ ಇಡಬೇಕು. ಯಾರ ಎಂಜಲು ಯಾರಿಗೆ ತಾಗಬಾರದೆಂಬುದರ ಮೇಲೆಯೇ ನಮ್ಮ ಮನೆ, ಮನೆಯೇನು, ಊರೇ ನಿಂತಿತ್ತು. ಈಗ ನೋಡಿದರೆ ಅದೇ ಎಂಜಲನ್ನು ಗಾಜಿನಂಥ ಕೊಳವೆಯಲ್ಲಿ ಭದ್ರವಾಗಿ ಮುಚ್ಚಿ ಸಮುದ್ರದಾಚೆಗೆ ಕಳಿಸಿದರೆ ನಮ್ಮ ಕುಲಗೋತ್ರ ಹೇಳುತ್ತಾರಂತೆ!

"ಉಗುಳಿನಲ್ಲಿ ಏನು ಮಹಾ ಇರುತ್ತದೋ?" ಎಂದೆ.

ಅವನು ಹೇಳಿದ್ದನ್ನು ನಾನು ನನ್ನ ದಾರಿಯಲ್ಲಿ ಅರ್ಥ ಮಾಡಿಕೊಂಡೆ. ಕನ್ನಡ ಮೇಷ್ಟರಿಗೆ ಬೇರೆ ದಾರಿ ಇಲ್ಲ. ಉಗುಳಿನಲ್ಲಿ ಕೆನ್ನೆಯ ಒಳಗಿನಿಂದ ಉದುರಿದ ಜೀವಕೋಶಗಳೂ ಬಿಳಿ ರಕ್ತಕಣಗಳೂ ಇರುತ್ತವೆ. ಮುಚ್ಚಳದೊಳಗಿನ ದ್ರವ ಅವುಗಳನ್ನು ಕೆಡದಂತೆ ಕಾಯುತ್ತದೆ. ಪ್ರತಿಯೊಂದು ಕೋಶದಲ್ಲಿಯೂ ನಮ್ಮ ಪೂರ್ತಿ ಗ್ರಂಥದ ಒಂದು ಪ್ರತಿ ಇದೆ: ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ಅಂಥವು ನಮ್ಮಲ್ಲಿ ಎರಡು, ಒಂದು ತಂದೆ ಕೊಟ್ಟದ್ದು, ಒಂದು ತಾಯಿ ಕೊಟ್ಟದ್ದು. ಈ ಪೆಟ್ಟಿಗೆಯವರು ಅದನ್ನೆಲ್ಲ ಓದುವುದಿಲ್ಲ. ಓದಬೇಕಾಗಿಯೂ ಇಲ್ಲ, ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಸಾವಿರಕ್ಕೆ 999 ಅಕ್ಷರಗಳು ಒಂದೇ. ವ್ಯತ್ಯಾಸ ಕಾಣುವ ಜಾಗಗಳು ಯಾವುವೆಂದು ಮೊದಲೇ ಗುರುತಿಸಿಟ್ಟುಕೊಂಡು, ಅಂಥ ಆರೇಳು ಲಕ್ಷ ಜಾಗಗಳನ್ನು ಮಾತ್ರ ಒಂದು ಸಣ್ಣ ಬಿಲ್ಲೆಯ ಮೇಲೆ ಪರೀಕ್ಷಿಸುತ್ತಾರೆ. ಬಿಲ್ಲೆಯ ಮೇಲೆ ಸಾಲಾಗಿ ನೆಟ್ಟ ತುಣುಕುಗಳಿಗೆ ನಮ್ಮ ತುಣುಕುಗಳು ಜೋಡಿ ಹುಡುಕಿಕೊಂಡು ಅಂಟುತ್ತವೆ. ಅಂಟಿದ ಕಡೆ ಹೊಳೆಯುವ ಬಣ್ಣ ನೋಡಿ ಅಲ್ಲಿ ಯಾವ ಅಕ್ಷರವಿದೆಯೆಂದು ಯಂತ್ರ ಹೇಳುತ್ತದೆ.

ಇಷ್ಟು ಕೇಳಿದೊಡನೆ ನನಗೆ ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪಾಠ ಕಣ್ಣಿಗೆ ಕಟ್ಟಿತು. ಒಂದೇ ಕಾವ್ಯದ ಹತ್ತು ಓಲೆಪ್ರತಿಗಳಿದ್ದರೆ, ಯಾವ ಪ್ರತಿ ಯಾವುದರ ಮಗು ಎಂದು ತಿಳಿಯುವುದು ಹೇಗೆ? ಎಲ್ಲವೂ ಸರಿಯಾಗಿರುವ ಜಾಗದಲ್ಲಿ ಏನೂ ತಿಳಿಯುವುದಿಲ್ಲ. ಲಿಪಿಕಾರ ಕೈತಪ್ಪಿದ ಜಾಗ ನೋಡಬೇಕು. ಎರಡು ಪ್ರತಿಗಳಲ್ಲಿ ಒಂದೇ ತಪ್ಪು, ಅದೂ ಸಾಲು ಸಾಲಾಗಿ ಬಂದಿದ್ದರೆ, ಅವೆರಡೂ ಒಂದೇ ಮಾತೃಪ್ರತಿಯಿಂದ ಇಳಿದವು. ಪೆಟ್ಟಿಗೆಯವರು ಮಾಡುವುದೂ ಅದನ್ನೇ. ಇಬ್ಬರ ಪಾಠಾಂತರಗಳನ್ನು ಎದುರುಬದುರಿಟ್ಟು, ಉದ್ದುದ್ದ ಭಾಗಗಳು ಒಂದೇ ಸಮನೆ ಹೊಂದಿದರೆ, ಇವರಿಗೆ ಹತ್ತಿರದ ಪೂರ್ವಿಕನೊಬ್ಬನಿದ್ದ ಎನ್ನುತ್ತಾರೆ. ಮಕ್ಕಳಿಗೆ ತಂದೆಯಿಂದ ಅರ್ಧ. ಅಜ್ಜನಿಂದ ಸರಾಸರಿ ಕಾಲು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ನಡುವೆ ಸರಾಸರಿ ನೂರಕ್ಕೆ ಹನ್ನೆರಡೂವರೆ. ತಲೆಮಾರು ಇಳಿದಂತೆಲ್ಲ ಪಾಲು ಇಳಿಯುತ್ತದೆ. ಪ್ರತಿ ತಲೆಮಾರಿನಲ್ಲಿಯೂ ಇಸ್ಪೀಟು ಕಲೆಸಿದಂತೆ ಕಲೆಸಿ ಹಂಚುವುದರಿಂದ ಯಾರಿಗೆ ಯಾವ ಎಲೆ ಬಿತ್ತೆಂದು ಮೊದಲೇ ಹೇಳಲಾಗುವುದಿಲ್ಲ. ಅಪ್ಪೆಮಿಡಿಯ ಓಟೆ ನೆಟ್ಟರೆ ತಾಯಿಮರದ ಪರಿಮಳವೇ ಬಂದೀತೆಂಬ ಭರವಸೆ ಇಲ್ಲದ್ದರಿಂದಲ್ಲವೇ ನಮ್ಮವರು ಕಸಿ ಕಟ್ಟುವುದು? ಮನುಷ್ಯರೆಲ್ಲ ಓಟೆಯಿಂದ ಎದ್ದ ಗಿಡಗಳೇ. ಅವಳಿಜವಳಿಗಳಲ್ಲಿ ಕೆಲವರನ್ನು ಬಿಟ್ಟರೆ ಯಾರೂ ಕಸಿಯಲ್ಲ.

"ನಿನ್ನದು ಏನು ಹೇಳಿತು?" ಎಂದು ಕೇಳಿದೆ. ಅವನು ಮೊಬೈಲಿನಲ್ಲಿ ಒಂದು ಭೂಪಟ ತೋರಿಸಿದ. ಬಹುಪಾಲು ದಕ್ಷಿಣ ಭಾರತ ಎಂದಿತ್ತು. ಇಷ್ಟು ಹೇಳುವುದಕ್ಕೆ ಅಮೆರಿಕದವರೆಗೆ ಉಗುಳಬೇಕಿತ್ತೇ ಎಂದು ನಕ್ಕೆ. ಅವನೂ ನಕ್ಕ. ಅದು ತಮ್ಮಲ್ಲಿರುವ ಮಾದರಿಗಳೊಂದಿಗೆ ಹೋಲಿಸಿ ಹೇಳುವ ಅಂದಾಜಂತೆ. ಮಾದರಿಗಳ ಪಟ್ಟಿ ಬದಲಾದರೆ ಮುಂದಿನ ವರ್ಷ ಅಂಕಿಯೂ ಬದಲಾಗುತ್ತದಂತೆ. ಹೈದರಾಬಾದಿನ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರದವರು ಅಮೆರಿಕದ ವಿದ್ವಾಂಸರೊಡನೆ ಸೇರಿ 2009ರಲ್ಲಿ 25 ಸಮುದಾಯಗಳ 132 ಮಂದಿಯನ್ನು ಪರೀಕ್ಷಿಸಿ, ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಎರಡು ಪ್ರಾಚೀನ ಜನವರ್ಗಗಳ ಬೆರಕೆಯೆಂದು ತೋರಿಸಿದ್ದನ್ನು ನಾನೂ ಓದಿದ್ದೆ. 2013ರ ಇನ್ನೊಂದು ಅಧ್ಯಯನ ಆ ಬೆರಕೆಗೆ ಕಾಲವನ್ನೂ ಹೇಳಿತು: ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಧಾರಾಳವಾಗಿ ಬೆರೆತರು, ಆಮೇಲೆ ಬಾಗಿಲು ಹಾಕಿಕೊಂಡರು. ನಮ್ಮ ಅಜ್ಜಿಯ ಹಿತ್ತಲ ಗೂಡು ಅಷ್ಟು ಹಳೆಯದೆಂದು ನನಗೆ ಆಗ ತಿಳಿಯಿತು.

ಆದರೆ ಅವನು ಅಷ್ಟು ದೂರದಿಂದ ಪೆಟ್ಟಿಗೆ ಹೊತ್ತು ತಂದದ್ದು ಇದಕ್ಕಲ್ಲ. ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷ ಕಳೆದಿದ್ದಾಗ ಅವನು ದನಿ ತಗ್ಗಿಸಿ ವಿಷಯಕ್ಕೆ ಬಂದ.

ಅವನ ಫಲಿತಾಂಶದ ಜೊತೆಗೆ ಸಂಬಂಧಿಕರ ಒಂದು ಪಟ್ಟಿ ಬಂದಿತ್ತು. ನಮ್ಮಂತೆ ಒಳಗೊಳಗೇ ಕೊಟ್ಟು ತರುವವರಲ್ಲಿ ಇಂಥ ಪಟ್ಟಿಗೆ ಬೆಲೆ ಕಡಿಮೆ. ಎಲ್ಲರೂ ಎಲ್ಲರಿಗೂ ಎರಡೆರಡು ದಾರಿಯಿಂದ ನೆಂಟರು, ಅಂಕಿ ಸುಮ್ಮನೆ ಉಬ್ಬುತ್ತದೆ. ಆದರೆ ಪಟ್ಟಿಯಲ್ಲಿ ನಮ್ಮವರಲ್ಲದ ಒಬ್ಬ ಹುಡುಗನ ಹೆಸರಿತ್ತು. ಪಾಲು ನೂರಕ್ಕೆ ಒಂದೂವರೆ. ಅವನೂ ಅಲ್ಲಿಯೇ ಎಂಜಿನಿಯರು. ಇಬ್ಬರೂ ಓಲೆ ಬರೆದುಕೊಂಡರು. ನಿಮ್ಮೂರು ಯಾವುದು? ಶಿವಮೊಗ್ಗ ಜಿಲ್ಲೆ. ಅಲ್ಲಿ ಎಲ್ಲಿ? ಹೊಸನಗರ ತಾಲ್ಲೂಕು, ಮಾಸ್ತಿಕಟ್ಟೆ. ನಮ್ಮಜ್ಜನ ಮನೆಯೂ ಅಲ್ಲಿಯೇ. ಕೊನೆಗೆ ತಿಳಿದದ್ದು: ಆ ಹುಡುಗ ನಮ್ಮ ಬಿಡಾರದಣ್ಣನ ಮೊಮ್ಮಗ.

ಬಿಡಾರದಣ್ಣ ಎಂದರೆ ಯಾರೆಂದು ಹೇಳಬೇಕು. ಹೆಸರು ಬೇಡ. ನಮ್ಮ ತೋಟದ ಕೆಳಗಿನ ಬಿಡಾರದಲ್ಲಿ ಹುಟ್ಟಿ, ನಮ್ಮ ಮನೆಯ ಕೆಲಸ ಮಾಡುತ್ತಲೇ ಮುದುಕನಾಗಿ ಸತ್ತವನು. ನನ್ನ ತಂದೆಗಿಂತ ನಾಲ್ಕೈದು ವರ್ಷ ದೊಡ್ಡವನು. ಉಳಿದ ಆಳುಗಳನ್ನೆಲ್ಲ ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದ ಮನೆಯಲ್ಲಿ, ಅವನೊಬ್ಬನನ್ನು ಮಕ್ಕಳು ಅಣ್ಣ ಎನ್ನಬೇಕೆಂದು ಅಜ್ಜ ಕಟ್ಟುಮಾಡಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. 1974ರ ಭೂಸುಧಾರಣೆಯ ಕಾನೂನು ಬಂದು ಊರಿನ ಗೇಣಿದಾರರೆಲ್ಲ 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದಾಗ, ಬಿಡಾರದ ಪಕ್ಕದ ಒಂದೆಕರೆ ಗದ್ದೆ ಮಾಡುತ್ತಿದ್ದ ಅವನು ಹಾಕಲಿಲ್ಲ. ಅದು ಅವನ ದೊಡ್ಡ ಗುಣವೆಂದು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಹೊಗಳಿದರು. ನನಗೆ ಏಳು ವರ್ಷವಾಗಿದ್ದಾಗ ಅಜ್ಜ ತೀರಿಕೊಂಡರು. ಚಿತೆಗೆ ಮಾವಿನಮರ ಕಡಿದು ಸೀಳಿ ಒಟ್ಟಿದವನು ಬಿಡಾರದಣ್ಣ. ಬೆಂಕಿಯಿಟ್ಟವರು ನನ್ನ ತಂದೆ.

"ನನ್ನಲ್ಲಿ ಇನ್ನೊಂದು ಗುರುತು ಇಲ್ಲ, ಮಾವ," ಎಂದ ಹುಡುಗ. "ವೈ ಎಂಬ ವರ್ಣತಂತು ಗಂಡಿನಿಂದ ಗಂಡಿಗೆ ಮಾತ್ರ ಇಳಿಯುತ್ತದೆ. ನಾನು ಅಮ್ಮನ ಕಡೆಯಿಂದ ಈ ಮನೆಯವನು. ಅಜ್ಜನದು ನಿಮ್ಮಲ್ಲಿದೆ. ಅವನು ಬಿಡಾರದಣ್ಣನ ಮಗನ ಮಗ, ಅವನಲ್ಲಿಯೂ ಇರಬೇಕು. ಎರಡೂ ಕೂಡಿದರೆ..."

ಮೂವತ್ತು ನಿಮಿಷ ಆಯಿತು. ನಾನು ಕೈ ಚಾಚಿ ತಬಕನ್ನು ಎಳೆದುಕೊಂಡು ಒಂದು ಕವಳ ಹಾಕಿಕೊಂಡೆ. "ಇವತ್ತು ಬೇಡ," ಎಂದೆ.

ಎರಡು ದಿನ ಯೋಚಿಸಿದೆ. ಯೋಚಿಸಿದೆ ಎನ್ನುವುದಕ್ಕಿಂತ ನೆಪ ಹುಡುಕಿದೆ ಎನ್ನುವುದು ಪ್ರಾಮಾಣಿಕವಾದೀತು. ನೆಪಗಳಿಗೇನೂ ಕೊರತೆ ಇರಲಿಲ್ಲ. ಇಂಥ ಪೆಟ್ಟಿಗೆ ಮಾರುವುದರಲ್ಲಿ ಬಹಳ ಹೆಸರಾದ ಟ್ವೆಂಟಿಥ್ರೀ ಆಂಡ್ ಮೀ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ವಿವರಗಳು ಕಳವಾದವು. 2025ರ ಮಾರ್ಚಿಯಲ್ಲಿ ಅದು ದಿವಾಳಿಯ ಅರ್ಜಿ ಹಾಕಿಕೊಂಡಾಗ, ಅಷ್ಟು ಜನರ ಗ್ರಂಥಗಳು ಯಾರ ಕೈ ಸೇರುವುವೋ ಎಂದು ಅಲ್ಲಿಯವರೇ ಗಾಬರಿಯಾದರು. ಗುಪ್ತಪದವನ್ನು ಬದಲಾಯಿಸಬಹುದು, ಉಗುಳನ್ನು ಬದಲಾಯಿಸಲಾದೀತೇ? ಅಲ್ಲದೆ ನಾನು ಉಗುಳಿದರೆ ನನ್ನ ಅಕ್ಕನ, ಮಕ್ಕಳ, ದಾಯಾದಿಗಳ ಗುಟ್ಟೂ ಅರ್ಧ ಕಾಲು ಹೊರಗೆ ಬಿದ್ದಂತೆ. ಅವರನ್ನು ಯಾರು ಕೇಳಿದರು? ನಮ್ಮ ಸರ್ವೋಚ್ಚ ನ್ಯಾಯಾಲಯ ಕೂಡ 2023ರಲ್ಲಿ, ದಂಪತಿಗಳ ಜಗಳದ ನಡುವೆ ಮಗುವಿನ ಡಿ.ಎನ್.ಎ. ಪರೀಕ್ಷೆಗೆ ಸಲೀಸಾಗಿ ಅಪ್ಪಣೆ ಕೊಡಬಾರದೆಂದು ಹೇಳಿದೆ. ಇವೆಲ್ಲ ನಿಜವಾದ ಮಾತುಗಳೇ. ಆದರೆ ನಿಜವಾದ ಮಾತುಗಳನ್ನು ಸುಳ್ಳು ಕಾರಣಕ್ಕೆ ಬಳಸುವುದು ಓದಿದವರ ಹಳೆಯ ಅಭ್ಯಾಸ.

ಮೂರನೆಯ ದಿನ ಕೆಲಸದ ಮೇಲೆ ಸಾಗರಕ್ಕೆ ಹೋಗಬೇಕಾಯಿತು. ದಾರಿಯಲ್ಲಿ ಹಂದಿಗೋಡಿನ ನೆನಪು ಬಂತು. 1974-75ರ ಸುಮಾರಿಗೆ ಆ ಊರಿನಲ್ಲಿ, ಆಮೇಲೆ ಸುತ್ತಲಿನ ಹಳ್ಳಿಗಳಲ್ಲಿ, ದಲಿತ ಕುಟುಂಬಗಳ ಹಲವರಿಗೆ ಸೊಂಟ ಮಂಡಿ ಹಿಡಿದು, ನಡೆಯಲಾಗದೆ ತೆವಳುವ ಕಾಯಿಲೆ ಕಂಡಿತು. ಹೊಡೆದ ಕೀಟನಾಶಕ ಗದ್ದೆಯ ಏಡಿ ಮೀನುಗಳಲ್ಲಿ ಸೇರಿ, ಅದನ್ನು ತಿಂದ ಬಡವರಿಗೆ ಹೀಗಾಯಿತೆಂದು ಮೊದಲು ಭಾವಿಸಿದ್ದರು. ಆಮೇಲೆ ವೈದ್ಯರು ಮನೆಮನೆಯ ವಂಶವೃಕ್ಷ ಬರೆದು ನೋಡಿದರು. ಕಾಯಿಲೆ ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿಯುತ್ತಿತ್ತು. ಬೇರೆ ಕಡೆ ಕೊಟ್ಟು ತರುವ ದಾರಿ ಇಲ್ಲದೆ ಸಣ್ಣ ವರ್ತುಲದೊಳಗೇ ಉಳಿದವರಲ್ಲಿ ಅದು ಉಳಿದುಕೊಂಡು ಬಂದಿತ್ತು. ನನಗೆ ಆಗ ನಾಚಿಕೆಯಾಯಿತು. ವಂಶದ ಪ್ರಶ್ನೆ ಅವರಿಗೆ ಕಾಲಿನ ಪ್ರಶ್ನೆ, ಮಕ್ಕಳು ನಡೆದಾರೋ ಇಲ್ಲವೋ ಎಂಬ ಪ್ರಶ್ನೆ. ಮನೆಗೆ ಬರುವ ಪೆಟ್ಟಿಗೆಯಿಂದ ಬಗೆಹರಿಯುವಂಥದಲ್ಲ ಅದು. ನನಗೋ ಅದು ಬರೀ ಮರ್ಯಾದೆಯ ಪ್ರಶ್ನೆ. ಅದಕ್ಕೇ ಇಷ್ಟು ಅಳುಕು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಡಿಕೆ ಸುಲಿಯುತ್ತಿದ್ದ ಅಮ್ಮ ಮೆಟ್ಟುಗತ್ತಿಯಿಂದ ತಲೆಯೆತ್ತಲಿಲ್ಲ.

"ಅದಕ್ಕೆ ಪರೀಕ್ಷೆ ಬೇರೆ ಬೇಕೇನೋ ಮಾರಾಯ? ಕಿವಿ ನೋಡಿದರೆ ಸಾಲದಿತ್ತೇ? ನಿಮ್ಮಪ್ಪನ ಕಿವಿ, ಅವನ ಕಿವಿ ಒಂದೇ ಅಚ್ಚು. ಮದುವೆಯಾಗಿ ಬಂದ ಹೊಸತರಲ್ಲಿ ಹಿಂದಿನಿಂದ ನೋಡಿ ನಾನೇ ಎರಡು ಸಲ ತಪ್ಪಿ ಕರೆದಿದ್ದೆ. ನಿಮ್ಮಜ್ಜಿ ಕೇಳಿಸಿಕೊಂಡರೂ ಒಂದು ಮಾತು ಆಡಲಿಲ್ಲ."

"ಅಜ್ಜಿಗೆ ಗೊತ್ತಿತ್ತೇ?"

"ಅವನಿಗೆ ಕಾಫಿ ಕೊಡುವ ಲೋಟ ಮಾತ್ರ ಅವರೇ ತೊಳೆಯುತ್ತಿದ್ದರು. ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಮಡಿಯೋ, ಸಿಟ್ಟೋ, ಇನ್ನೇನೋ, ನಾನು ಕೇಳಲಿಲ್ಲ."

ಆ ಸಂಜೆ ಕೊಳವೆಯ ಗೆರೆಯವರೆಗೆ ಉಗುಳಿ ಮುಚ್ಚಳ ಬಿಗಿದು ಕೊಟ್ಟೆ. ಹುಡುಗ ಅದನ್ನು ತನ್ನ ಚೀಲದಲ್ಲಿಟ್ಟುಕೊಂಡು ಹೋದ.

ಎರಡು ತಿಂಗಳಿಗೆ ಫಲಿತಾಂಶ ಬಂತು. ಆ ಹುಡುಗನಿಗೂ ನನಗೂ ನೂರಕ್ಕೆ ಮೂರರ ಆಸುಪಾಸು: ನನ್ನ ಅಳಿಯನದಕ್ಕೆ ಎರಡರಷ್ಟು, ಲೆಕ್ಕಕ್ಕೆ ತಕ್ಕಂತೆ. ವೈ ಗುಂಪೂ ಒಂದೇ. ಗುಂಪು ಒಂದೇ ಆಗಿದ್ದರಿಂದ ಮಾತ್ರ ಏನೂ ಸಾಬೀತಾಗುವುದಿಲ್ಲ. ಒಂದೊಂದು ಗುಂಪಿನಲ್ಲಿಯೂ ಲಕ್ಷಾಂತರ ಗಂಡಸರಿರುತ್ತಾರೆ. ಅಜ್ಜನಲ್ಲ, ಅಜ್ಜನ ತಮ್ಮನೆಂದರೆ ಪಾಲು ಇದರ ಅರ್ಧ ಇರಬೇಕಿತ್ತು. ಆದರೆ ಇಸ್ಪೀಟಿನ ಹಂಚಿಕೆಯಲ್ಲಿ ಅಷ್ಟು ಹೆಚ್ಚುಕಡಿಮೆ ಆಗುವುದುಂಟು. ವಕೀಲನಾಗಿದ್ದರೆ ಈ ಸಂದಿಯಲ್ಲಿ ನುಸುಳಬಹುದಾಗಿತ್ತು. ಅಮ್ಮ ಹೇಳಿದ ಕಿವಿಯ ಸಾಕ್ಷಿ ಕೇಳಿದ ಮೇಲೆ ನನಗೆ ನುಸುಳುವ ಮನಸ್ಸಾಗಲಿಲ್ಲ. ಒಂದು ಮಾತು ಮಾತ್ರ ಕೊರೆಯುತ್ತದೆ. ತಾಯಿಯಿಂದ ಮಾತ್ರ ಇಳಿಯುವ ಇನ್ನೊಂದು ಗುರುತು ಇದೆಯಂತೆ. ಅದನ್ನು ಹೆಣ್ಣುಮಕ್ಕಳು ಮಾತ್ರ ಮುಂದಕ್ಕೆ ದಾಟಿಸಬಲ್ಲರು. ಬಿಡಾರದಣ್ಣ ಅವನ ತಾಯಿಗೆ ಒಬ್ಬನೇ ಮಗ. ಅವಳ ಆ ಗುರುತು ಅವನೊಡನೆಯೇ ಸುಟ್ಟುಹೋಯಿತು. ಅವಳು ಒಪ್ಪಿ ಬಂದಳೋ, ಬರಬೇಕಾಗಿ ಬಂತೋ, ಯಾವ ಉಗುಳೂ ಹೇಳುವುದಿಲ್ಲ. ಅಮ್ಮನಿಗೆ ಅವಳ ಹೆಸರು ಕೂಡ ನೆನಪಿರಲಿಲ್ಲ.

ಫಲಿತಾಂಶದ ಹಾಳೆಯಲ್ಲಿ ನಮ್ಮ ಸಂಬಂಧಕ್ಕೆ ಕಂಪನಿಯವರು ಕೊಟ್ಟ ಇಂಗ್ಲಿಷ್ ಹೆಸರು ನಾಲ್ಕೈದು ಪದಗಳಷ್ಟು ಉದ್ದವಿತ್ತು. ಹಾಫ್ ಎಂದರು, ಕಸಿನ್ ಎಂದರು, ಒಂದು ಮೆಟ್ಟಿಲು ಆಚೆಗೆ ಎಂದರು. ಕನ್ನಡದಲ್ಲಿ ಏನಾಗುತ್ತದೆಂದು ನಾನು ಕಾಗದದ ಮೇಲೆ ಬರೆದು ನೋಡಿದೆ. ಬಿಡಾರದಣ್ಣ ನನ್ನ ತಂದೆಗೆ ಅಣ್ಣ, ನನಗೆ ದೊಡ್ಡಪ್ಪ. ದೊಡ್ಡಪ್ಪನ ಮಗ ನನಗಿಂತ ಹಿರಿಯ, ಅಣ್ಣ. ಅಣ್ಣನ ಮಗನನ್ನು ನಮ್ಮಲ್ಲಿ ಏನೆನ್ನುತ್ತಾರೆ? ಮಗ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅರ್ಧ ಎಂಬ ಮಾತೂ ಇಲ್ಲ, ಆಚೆಗೆ ಎಂಬ ಮಾತೂ ಇಲ್ಲ. ದಾಯಾದಿ ಎಂಬ ಪದವಿದೆ. ದಾಯ ಎಂದರೆ ಪಾಲು. ಪಾಲು ಪಡೆಯುವವನು ದಾಯಾದಿ. ಈ ವ್ಯುತ್ಪತ್ತಿಯನ್ನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಮನೆಯಲ್ಲಿ ಹೇಳಿಕೊಂಡದ್ದು ಅದೇ ಮೊದಲು.

ಯುಗಾದಿ ಕಳೆದ ವಾರ ಆ ಅಣ್ಣನ ಮನೆಗೆ ಹೋದೆ. ಅವರು ವಾರಾಹಿ ಯೋಜನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾಸ್ತಿಕಟ್ಟೆಯ ಪೇಟೆಯಿಂದಾಚೆ ಸ್ವಂತ ಮನೆ ಕಟ್ಟಿಕೊಂಡಿದ್ದಾರೆ. ಅವರ ತಂದೆ ನಮ್ಮ ತೋಟಕ್ಕೆ ಅಂಟಿಕೊಂಡಿದ್ದರು. ಇವರನ್ನು ಅಣೆಕಟ್ಟು ಬಿಡಿಸಿತು. ನನ್ನನ್ನು ಕಂಡು "ಬನ್ನಿ ಅಯ್ಯ," ಎಂದರು. ಮಗ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದ.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತುಗಳನ್ನು ಅವರು ಕೊನೆಯವರೆಗೆ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು: "ನನ್ನಪ್ಪ ಬದುಕಿದ್ದಾಗ ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಅವನಿಗೆ ಬೇಕಿತ್ತು. ನನಗೆ ನನ್ನ ಪಿಂಚಣಿ ಇದೆ, ಮಗ ಇದ್ದಾನೆ. ನನಗೆ ಹೇಳಿ ಏನು ಮಾಡ್ತೀರಿ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಿಡಾರದ ಪಕ್ಕದ ಒಂದೆಕರೆಯನ್ನು ಅವರ ಹೆಸರಿಗೆ ಮಾಡಿಸಲು ಅಮ್ಮ, ಅಕ್ಕ, ನಾನು ಒಪ್ಪಿದ್ದೇವೆಂದು ಹೇಳಿದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಅಲ್ಲಿ ಹಳ್ಳದ ದಂಡೆಗೆ ಒಂದು ಅಪ್ಪೆಮರ ಇದೆ. ಅಪ್ಪ ನೆಟ್ಟದ್ದು. ಅದು ಇದೆಯೋ, ಕಡಿಸಿದ್ದೀರೋ?" ಎಂದು ಕೇಳಿದರು. ಇದೆ, ಈ ವರ್ಷ ಮಿಡಿ ಚೆನ್ನಾಗಿ ಹಿಡಿದಿದೆ ಎಂದೆ. ನಮ್ಮ ಮನೆಯ ಭರಣಿಯ ಮಿಡಿ ಯಾವ ಮರದ್ದೆಂದು ನನಗೆ ಆಗ ಹೊಳೆಯಿತು.

ಅತ್ತಿಗೆ ಕಾಫಿ ತಂದಿಟ್ಟರು. ಮನೆಯೊಳಗಿನ ಲೋಟ, ನನಗೂ ಅವರಿಗೂ ಒಂದೇ ಜೋಡಿಯದು. ಕುಡಿದು ಮುಗಿದ ಮೇಲೆ ಅವರು ತಬಕನ್ನು ನನ್ನ ಕಡೆಗೆ ತಳ್ಳಿದರು. ನಾನು ಎಲೆಗೆ ಸುಣ್ಣ ಹಚ್ಚಿಕೊಂಡೆ, ಅವರೂ ಹಚ್ಚಿಕೊಂಡರು. ಕವಳ ಬಾಯಿಗೆ ಬಿದ್ದ ಮೇಲೆ ಮಾತಾಡುವಂತಿಲ್ಲ. ಬಹಳ ಹೊತ್ತು ಇಬ್ಬರೂ ಅಂಗಳದ ಕಡೆ ನೋಡುತ್ತ ಸುಮ್ಮನೆ ಕುಳಿತಿದ್ದೆವು.

ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಅವರಿಗೆ ಓದಿ ಹೇಳಿದೆ. ಹೆಸರು ಹಾಕಬೇಡಿ, ಉಳಿದದ್ದು ಇರಲಿ ಎಂದರು. ಅಯ್ಯ ಎಂದು ಕರೆಯುವುದನ್ನು ಅವರು ಇನ್ನೂ ಬಿಟ್ಟಿಲ್ಲ. ನಾನು ಅಣ್ಣ ಎನ್ನುತ್ತಿದ್ದೇನೆ. ಬಿಡಾರದ, ಎಂಬ ಹಿಂದಿನ ಪದವನ್ನು ಬಿಟ್ಟು ಹೇಳುವುದು ನಾಲಿಗೆಗೆ ರೂಢಿಯಾಗಲು ಸ್ವಲ್ಪ ದಿನ ಬೇಕಾಯಿತು.